ಮಂಗಳೂರಿನ ರೊಸಾರಿಯೋ ಪ್ರಧಾನ ಇಗರ್ಜಿ: ಅದರ ಇತಿಹಾಸ ಹಾಗೂ ವಾಸ್ತುಶೈಲಿಯನ್ನು ಕುರಿತ ಕೆಲವು ವಿಚಾರಗಳು

ಮಂಗಳೂರಿನ ಹಳೆಯ ಬಂದರಿಗೆ ಬಹು ದೂರವಲ್ಲದ ಪಾಂಡೇಶ್ವರದ ಭಾಗದಲ್ಲಿ ರೊಸಾರಿಯೋ ಎಂಬ ಹೆಸರಿನ ಪ್ರಧಾನ ಇಗರ್ಜಿಯುಂಟು. ಅದು ಜಪಮಾಲೆಯ ಮಾತೆಗೆ ಅರ್ಪಿತವಾದುದು. ಮಂಗಳೂರು ಧರ್ಮಪ್ರಾಂತದ ಬಿಷಪ್ಪರ ಪೀಠವಿರುವುದೂ ಅಲ್ಲಿಯೇ. ಈ ಕಟ್ಟಡವನ್ನು ಕುರಿತು ಎರಡು ಮಾತುಗಳು ಬಹುಕಾಲದಿಂದ ರೂಢಿಯಲ್ಲಿವೆ. ಅದು 1568ರಲ್ಲಿ ಪೋರ್ತುಗೀಜರು ಕಟ್ಟಿದ ದೇವಾಲಯವೆಂಬುದು ಒಂದು. ಅದರ ಗುಮ್ಮಟವು ರೋಮಾಪುರಿಯ ಸಂತ ಪೇತ್ರರ ಮಹಾದೇವಾಲಯದ ಗುಮ್ಮಟದ ಅನುಕರಣವೆಂಬುದು ಇನ್ನೊಂದು. ಎರಡೂ ಸುಳ್ಳಲ್ಲ, ಆದರೆ ಎರಡೂ ಪೂರ್ತಿ ನಿಜವೂ ಅಲ್ಲ. ಅರ್ಧ ಸತ್ಯವು ಪಾಠಪುಸ್ತಕವನ್ನು ಸೇರಿದರೆ ಅದನ್ನು ಅಲ್ಲಿಂದ ಕದಲಿಸುವುದು ಪೂರ್ತಿ ಸುಳ್ಳನ್ನು ಕದಲಿಸುವುದಕ್ಕಿಂತ ಕಷ್ಟವಾದುದರಿಂದ, ಈ ಎರಡು ಮಾತುಗಳನ್ನು ಕೊಂಚ ನಿಧಾನವಾಗಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕಡೆಯ ವಿದ್ಯಾರ್ಥಿಗಳು, ಕೃಷ್ಣೆಯ ದಂಡೆಯ ತಮಗೂ ನೇತ್ರಾವತಿಯ ಮುಖದಲ್ಲಿರುವ ಒಂದು ಇಗರ್ಜಿಗೂ ಏನು ಸಂಬಂಧವೆಂದು ಕೇಳುವುದು ಸಹಜ. ಸಂಬಂಧವುಂಟು, ಅದು ಕಟ್ಟಡದ ಗುಮ್ಮಟದಲ್ಲಿಯೇ ಅಡಗಿದೆ. ಅದನ್ನು ಮುಂದೆ ನೋಡುವೆವು. ಸದ್ಯಕ್ಕೆ ಒಂದು ಸಣ್ಣ ನಿದರ್ಶನ ಸಾಕು. ಕರಾವಳಿಯವರು ಕ್ರೈಸ್ತ ದೇವಾಲಯವನ್ನು ಇಗರ್ಜಿ ಎನ್ನುವರು. ಇದು ಪೋರ್ತುಗೀಜ್ ಭಾಷೆಯ ಇಗ್ರೇಜಾ ಎಂಬ ಶಬ್ದದ ಕನ್ನಡ ರೂಪ. ಅಥಣಿಯ ಒಕ್ಕಲಿಗನು ಈ ಮಾತನ್ನು ಬಳಸಲಾರನು. ಆದರೆ ಅವನು ಬೀಗದ ಕೈಗೆ ಚಾವಿ ಎನ್ನುತ್ತಾನೆ, ಆಲೂಗಡ್ಡೆಗೆ ಬಟಾಟಿ ಎನ್ನುತ್ತಾನೆ. ಈ ಎರಡೂ ಅದೇ ಹಡಗಿನಿಂದ ಇಳಿದ ಶಬ್ದಗಳೇ. ನಿಪ್ಪಾಣಿಯ ಪೇಟೆಗೆ ಹೆಸರು ತಂದ ತಂಬಾಕಿನ ಗಿಡವೂ ಅದರ ಹೆಸರೂ ನಮ್ಮಲ್ಲಿಗೆ ಬಂದುದು ಪೋರ್ತುಗೀಜರ ಕಾಲದಲ್ಲಿ. ಅಕ್ಬರನ ಆಸ್ಥಾನಕ್ಕೆ ತಂಬಾಕನ್ನು 1604-05ರ ಸುಮಾರಿಗೆ ಮೊದಲು ಒಯ್ದ ಅಸದ್ ಬೇಗನು ಅದನ್ನು ಕಂಡುಕೊಂಡದ್ದು ಬಿಜಾಪುರದಲ್ಲಿ. ಬಂದರುಗಳಲ್ಲಿ ನಡೆದುದು ಬಂದರುಗಳಲ್ಲಿಯೇ ನಿಲ್ಲುವುದಿಲ್ಲವೆಂಬುದಕ್ಕೆ ಇಷ್ಟು ಸಾಕು.

ಇನ್ನು ಇತಿಹಾಸದ ವಿಷಯ. ಪೋರ್ತುಗೀಜರ ವೈಸರಾಯ್ ಆಂತಾವ್ ದ ನೊರೊನ್ಹನು ಉಳ್ಳಾಲದ ಚೌಟ ಮನೆತನದ ರಾಣಿಯೊಡನೆ ಕಾದಾಡಿ 1568ರ ಜನವರಿಯಲ್ಲಿ ಮಂಗಳೂರನ್ನು ಹಿಡಿದು, ಅಲ್ಲಿ ಸಂತ ಸೆಬಾಸ್ಟಿಯನನ ಹೆಸರಿನಲ್ಲಿ ಒಂದು ಕೋಟೆಯನ್ನು ಹಾಕಿಸಿದನು. ಆಗ ಪೋರ್ತುಗಲ್ಲಿನ ದೊರೆಯ ಹೆಸರೂ ಸೆಬಾಸ್ಟಿಯನನೇ. ಸಂತನಿಗೂ ದೊರೆಗೂ ಒಂದೇ ಕಲ್ಲಿನಲ್ಲಿ ಮರ್ಯಾದೆ ಸಂದಿತು. ಕೋಟೆಯೊಳಗೆ ವ್ಯಾಪಾರದ ಕೋಠಿ, ಕೋಠಿಯವರ ಉಪಯೋಗಕ್ಕೊಂದು ಪ್ರಾರ್ಥನಾಮಂದಿರ: ರೊಸಾರಿಯೋವಿನ ಮೊದಲ ರೂಪ ಇದು. ಆದುದರಿಂದ ಅದು ಊರ ಜನರಿಗಾಗಿ ಎದ್ದ ದೇವಾಲಯವಲ್ಲ. ಮೆಣಸು ಅಕ್ಕಿಗಳ ಲೆಕ್ಕ ಬರೆಯುವವರೂ ಕಾವಲಿನ ಸಿಪಾಯಿಗಳೂ ಮೊಣಕಾಲೂರಲೆಂದು ಎದ್ದುದು. ಮಾತೆಯ ವಿಗ್ರಹವು ಬೆಸ್ತರ ಬಲೆಗೆ ಸಮುದ್ರದಲ್ಲಿ ಸಿಕ್ಕಿತೆಂಬ ಐತಿಹ್ಯವೊಂದು ಅಲ್ಲಿಯ ಭಕ್ತರಲ್ಲುಂಟು. ಐತಿಹ್ಯವನ್ನು ಇತಿಹಾಸವೆಂದು ನಾವು ತೆಗೆದುಕೊಳ್ಳಬೇಕಿಲ್ಲ. ಆದರೂ ಕೋಠಿಯ ಮಂದಿರವೊಂದು ಕಾಲಕ್ರಮದಲ್ಲಿ ಊರಿನದಾದ ಬಗೆಯನ್ನು ಅದು ಸೂಚಿಸುತ್ತದೆಂಬುದನ್ನು ಮರೆಯಲಾಗದು.

ಈ ಮೊದಲ ಕಟ್ಟಡವನ್ನು ಕಣ್ಣಾರೆ ಕಂಡು ಬರೆದವರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲ್ಲೆಯ ಹೆಸರನ್ನು ಮುಖ್ಯವಾಗಿ ಹೇಳಬೇಕು. ಕೆಳದಿಯ ವೆಂಕಟಪ್ಪನಾಯಕನ ಇಕ್ಕೇರಿಯನ್ನು ನೋಡಿಕೊಂಡು ಅವನು 1623ರಲ್ಲಿ ಘಟ್ಟವಿಳಿದು ಮಂಗಳೂರಿಗೆ ಬಂದನು. ಅಲ್ಲಿ ಮೂರು ಇಗರ್ಜಿಗಳಿದ್ದುವೆಂದೂ, ಕೋಟೆಯೊಳಗಿನ ರೊಸಾರಿಯೋ ಅವುಗಳಲ್ಲಿ ಪ್ರಧಾನವೆಂದೂ, ಕರುಣೆಯ ಸಂಘದ್ದೊಂದು, ಕೋಟೆಯ ಹೊರಗೆ ಸಂತ ಫ್ರಾನ್ಸಿಸನದೊಂದು ಉಳಿದೆರಡೆಂದೂ ಅವನು ತಿಳಿಸುತ್ತಾನೆ. ಇವೆಲ್ಲಕ್ಕೂ ಸೇರಿ ಮೂವರೇ ಗುರುಗಳು, ಆದಾಯವೋ ಅತ್ಯಲ್ಪ. ದೊಡ್ಡ ಹೆಸರು, ಸಣ್ಣ ಕಟ್ಟಡ ಎಂಬ ಭಾವನೆ ಅವನ ಬರಹದಿಂದ ಉಂಟಾಗುತ್ತದೆ. ಪ್ರಸಂಗವಶಾತ್ ಒಂದು ಮಾತು: ಉಳ್ಳಾಲದ ರಾಣಿಯನ್ನೂ ಅವನು ಕಂಡನು. ಆಕೆ ಬರಿಗಾಲಿನಲ್ಲಿ ನಡೆದುಕೊಂಡು ನೆಲ ಅಗೆಯುವ ಕೆಲಸವನ್ನು ಸ್ವತಃ ನೋಡಿಬರಲು ಹೊರಟಿದ್ದಳು. ಇಗರ್ಜಿಗಳ ವರ್ಣನೆಯಲ್ಲಿ ಜಿಪುಣತನ ತೋರಿದ ಲೇಖನಿ ಈ ರಾಣಿಯ ವಿಷಯದಲ್ಲಿ ಧಾರಾಳವಾಗಿ ಹರಿದಿದೆ. ಓದುಗನಾಗಿ ನಾವು ಅದಕ್ಕೆ ಕೃತಜ್ಞರು.

ಮುಂದೆ 1650ರ ದಶಕದಲ್ಲಿ ಕೆಳದಿಯ ಶಿವಪ್ಪನಾಯಕನು ಹೊನ್ನಾವರ, ಬಸರೂರು ಮೊದಲಾದ ಕೋಟೆಗಳಿಂದ ಪೋರ್ತುಗೀಜರನ್ನು ಹೊರದೂಡಿದನು. ಅಲ್ಲಿಂದ ಮುಂದೆ ಕನ್ನಡ ಕರಾವಳಿಯಲ್ಲಿ ಅವರು ಆಳುವವರಾಗಿ ಉಳಿಯಲಿಲ್ಲ. ಒಪ್ಪಂದದ ಮೇಲೆ ವ್ಯಾಪಾರ ಮಾಡುವವರಾಗಿ ಉಳಿದರು. ಇಗರ್ಜಿಗಳ ಸ್ಥಿತಿಯೂ ಇದರೊಂದಿಗೆ ಬದಲಾಯಿತು. ಕೆಳದಿಯ ರಾಣಿ ಚೆನ್ನಮ್ಮಾಜಿ ತನ್ನ ಆಳ್ವಿಕೆಯಲ್ಲಿ (1672-1697) ಪೋರ್ತುಗೀಜರೊಡನೆ 1678ರ ಒಪ್ಪಂದವನ್ನು ಮಾಡಿಕೊಂಡು ಕೆಲವೆಡೆ ಇಗರ್ಜಿ ಕಟ್ಟಲು ಅನುಮತಿಯಿತ್ತಳು. ಮಂಗಳೂರಿನ ಇನ್ನೊಂದು ಪ್ರಸಿದ್ಧ ದೇವಾಲಯವಾದ ಮಿಲಾಗ್ರಿಸ್ ಇಗರ್ಜಿಯು 1680ರಲ್ಲಿ ಬಿಷಪ್ ತೊಮಾಸ್ ದ ಕಾಸ್ತ್ರೊ ಎಂಬವರಿಂದ ಸ್ಥಾಪಿತವಾದುದು ಈಕೆಯಿತ್ತ ಭೂಮಿಯಲ್ಲಿ. ನಮ್ಮ ಭಾಗದ ವಿದ್ಯಾರ್ಥಿಗಳು ಚೆನ್ನಮ್ಮನೆಂದೊಡನೆ ಕಿತ್ತೂರನ್ನು ನೆನೆಯುವರು. ಇವಳು ಅವಳಲ್ಲ, ಅವಳಿಗಿಂತ ಒಂದೂವರೆ ಶತಮಾನದಷ್ಟು ಹಿಂದಿನವಳು. ವೀರಶೈವ ರಾಣಿಯೊಬ್ಬಳು ಭೂಮಿ ಕೊಟ್ಟು ಇಗರ್ಜಿ ಕಟ್ಟಿಸಗೊಟ್ಟುದರಲ್ಲಿ ಔದಾರ್ಯವೆಷ್ಟು, ಅಕ್ಕಿಯ ರಫ್ತಿನ ಲೆಕ್ಕಾಚಾರವೆಷ್ಟು ಎಂದು ತೂಗುವ ಅಗತ್ಯ ನಮಗೆ ಕಾಣುವುದಿಲ್ಲ. ಅರಸುತನದಲ್ಲಿ ಇವೆರಡೂ ಬೆರೆತೇ ಇರುತ್ತವೆ.

ಈ ಕಟ್ಟಡದ ಇತಿಹಾಸದಲ್ಲಿ ಅತ್ಯಂತ ಕಠಿಣವಾದ ಅಧ್ಯಾಯ 1784ನೆಯ ಇಸವಿಯದು. ಇದನ್ನು ಬರೆಯುವಾಗ ಎರಡು ಬಗೆಯ ಲೇಖಕರು ಎರಡು ಬಗೆಯ ಅವಸರ ತೋರುವುದನ್ನು ನಾವು ಕಂಡಿದ್ದೇವೆ: ಒಬ್ಬರು ಅದನ್ನು ಒಂದೇ ವಾಕ್ಯದಲ್ಲಿ ದಾಟಿಬಿಡುತ್ತಾರೆ, ಇನ್ನೊಬ್ಬರು ಅದರಿಂದಾಚೆ ಹೋಗುವುದೇ ಇಲ್ಲ. ನಡೆದುದು ಹೀಗೆ. 1763ರಲ್ಲಿ ಹೈದರನು ಬಿದನೂರನ್ನು ಗೆದ್ದಾಗ ಮಂಗಳೂರೂ ಅವನದಾಯಿತು. ಎರಡನೆಯ ಮೈಸೂರು ಯುದ್ಧದಲ್ಲಿ, 1783ರಲ್ಲಿ, ಇಂಗ್ಲಿಷರು ಮಂಗಳೂರನ್ನು ಹಿಡಿದರು. ಟೀಪು ಸುಲ್ತಾನನು ದೀರ್ಘವಾದ ಮುತ್ತಿಗೆಯ ಬಳಿಕ 1784ರ ಜನವರಿಯ ಕೊನೆಯಲ್ಲಿ ಅದನ್ನು ಮರಳಿ ಪಡೆದನು. ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಯಿತು. ಈ ಎರಡರ ನಡುವೆ, ಫೆಬ್ರವರಿ 24ರಂದು, ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಶತ್ರುಗಳಿಗೆ ನೆರವಾದರೆಂಬುದು ಅವರ ಮೇಲಿದ್ದ ಆರೋಪ. ಸೆರೆಯಾದವರ ಸಂಖ್ಯೆಯ ಅಂದಾಜುಗಳು ಮೂವತ್ತು ಸಾವಿರದಿಂದ ಅರವತ್ತು ಸಾವಿರದವರೆಗೆ, ಕೆಲವು ಕಡೆ ಅದಕ್ಕೂ ಮೇಲಕ್ಕೆ, ಏರಿಳಿಯುತ್ತವೆ. ಕೆಡವಲಾದ ಇಗರ್ಜಿಗಳು 27 ಎಂಬುದು ರೂಢಿಯ ಲೆಕ್ಕ. ರೊಸಾರಿಯೋ ಅವುಗಳಲ್ಲಿ ಒಂದು. 1568ರ ಕಟ್ಟಡದ ಆಯುಸ್ಸು ಅಲ್ಲಿಗೆ ಮುಗಿಯಿತು.

ಮೂಡಬಿದಿರೆಯ ಹತ್ತಿರದ ಹೊಸಬೆಟ್ಟಿನ ಪವಿತ್ರ ಶಿಲುಬೆಯ ಇಗರ್ಜಿಯು ಮಾತ್ರ ಆಗ ಉಳಿದುಕೊಂಡಿತು. ಮೂಡಬಿದಿರೆಯ ಚೌಟ ಅರಸನ ಮಧ್ಯಸ್ಥಿಕೆಯೇ ಅದಕ್ಕೆ ಕಾರಣವೆಂದು ಹೇಳುತ್ತಾರೆ. ಚೌಟರು ಜೈನರು. ಕಾಗವಾಡ, ಶೇಡಬಾಳ, ಸದಲಗಾ ಕಡೆಗಳಿಂದ ಸಾವಿರ ಕಂಬದ ಬಸದಿಯ ದರ್ಶನಕ್ಕೆಂದು ಮೂಡಬಿದಿರೆಗೆ ಹೋಗಿಬರುವ ಶ್ರಾವಕರು ಈ ಸಂಗತಿಯನ್ನು ಕೇಳಿದ್ದಾರೋ ಇಲ್ಲವೋ ತಿಳಿಯದು, ಕೇಳತಕ್ಕದ್ದಂತೂ ಹೌದು.

ಯುದ್ಧಕಾಲದ ಸಂಶಯವೇ ಈ ಕೃತ್ಯಕ್ಕೆ ಮುಖ್ಯ ಪ್ರೇರಣೆಯೆಂಬ ವಾದದಲ್ಲಿ ತಥ್ಯವಿದೆಯೆಂದು ನಮ್ಮ ಅಭಿಪ್ರಾಯ. ಅದೇ ಟೀಪುವು 1791ರಲ್ಲಿ, ಶೃಂಗೇರಿಯ ಮಠವನ್ನು ಮರಾಠರ ಸೇನೆಯ ಜನ ಲೂಟಿಮಾಡಿದಾಗ, ಅದರ ಪುನಃಪ್ರತಿಷ್ಠೆಗೆ ಹಣವನ್ನೂ ಸಾಮಗ್ರಿಗಳನ್ನೂ ಕಳುಹಿಸಿದನೆಂಬುದು 1916ರಲ್ಲಿ ಬೆಳಕಿಗೆ ಬಂದ ಪತ್ರಗಳಿಂದ ಸಿದ್ಧವಾಗಿದೆ. ಆ ಸೇನೆ ನಡೆಸುತ್ತಿದ್ದವರು ಯಾರು? ನಮ್ಮ ಕೃಷ್ಣಾತೀರದಲ್ಲೇ ಸಂಸ್ಥಾನಗಳನ್ನಾಳಿದ ಪಟವರ್ಧನ ಮನೆತನದವರು. ದೇವಸ್ಥಾನವನ್ನು ಕೆಡಿಸಿದ ದೋಷವನ್ನು ಒಂದು ಮತದ ಅಥವಾ ಒಂದು ಅರಮನೆಯ ತಲೆಗೆ ಕಟ್ಟಿ ನಿಶ್ಚಿಂತರಾಗುವ ಅವಕಾಶ ನಮಗಿಲ್ಲವೆಂಬುದಕ್ಕಾಗಿ ಇದನ್ನು ಇಲ್ಲಿ ಹೇಳಬೇಕಾಯಿತು. ಆದರೆ ಇಷ್ಟನ್ನೂ ಹೇಳಿದ ಮೇಲೆ, ಘಟ್ಟ ಹತ್ತುವಾಗ ದಾರಿಯಲ್ಲಿಯೇ ಸತ್ತ ಮುದುಕರಿಗೂ ಕೂಸುಗಳಿಗೂ ರಾಜಕಾರಣದ ವಿವರಣೆಯಿಂದ ಯಾವ ಸಮಾಧಾನವೂ ಆಗಲಾರದು. ಕಾರಣವನ್ನು ತಿಳಿಸುವುದು ಬೇರೆ, ಕ್ಷಮಿಸುವುದು ಬೇರೆ. ಇತಿಹಾಸಕಾರನ ಅಧಿಕಾರ ಮೊದಲನೆಯದಕ್ಕೆ ಮಾತ್ರ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಉಳಿದವರು ಕರಾವಳಿಗೆ ಹಿಂದಿರುಗಿದರು. ರೊಸಾರಿಯೋ 1813ರಲ್ಲಿ ಎರಡನೆಯ ಬಾರಿ ಎದ್ದಿತು. ಹಿಂದಿನದು ಕೋಟೆಯೊಳಗಿನ ಕೋಠಿಯ ಮಂದಿರ. ಈಗಿನದು, ಎಲ್ಲವನ್ನೂ ಕಳೆದುಕೊಂಡು ಮರಳಿದ ಜನ ತಮಗಾಗಿ ಕಟ್ಟಿಕೊಂಡದ್ದು. ಹೆಸರು ಒಂದೇ ಆದರೂ ಎರಡರ ಸ್ವರೂಪ ಬೇರೆಬೇರೆ.

ಹತ್ತೊಂಬತ್ತನೆಯ ಶತಮಾನದ ಮಠೀಯ ವ್ಯಾಜ್ಯಗಳನ್ನು ಇಲ್ಲಿ ವಿವರಿಸುವುದು ಅನವಶ್ಯಕ. ಪೋರ್ತುಗಲ್ಲಿನ ದೊರೆಗೆ ಪೂರ್ವದೇಶಗಳ ಇಗರ್ಜಿಗಳ ಮೇಲೆ ಪೋಪರು ಹಿಂದೆ ಕೊಟ್ಟಿದ್ದ ಪೋಷಕಾಧಿಕಾರಕ್ಕೂ, ರೋಮಿನ ನೇರ ಆಡಳಿತಕ್ಕೂ ಜಗ್ಗಾಟ ನಡೆದು, ಮಂಗಳೂರಿನ ಭಕ್ತರು ಗೋವೆಯ ಕಡೆಗೊಮ್ಮೆ, ಮಲಬಾರಿನ ವರಾಪುಳದ ಕಾರ್ಮೆಲ್ ಸಭೆಯವರ ಕಡೆಗೊಮ್ಮೆ ತಿರುಗಬೇಕಾಯಿತೆಂದಷ್ಟೇ ಹೇಳಿದರೆ ಸಾಕು. 1853ರಲ್ಲಿ ಮಂಗಳೂರು ಸ್ವತಂತ್ರವಾದ ಅಪೊಸ್ತಲಿಕ ವಿಕಾರಿಯೇಟ್ ಆಯಿತು. ಆ ಕಾಲದಲ್ಲಿಯೇ ರೊಸಾರಿಯೋಗೆ ಪ್ರಧಾನ ಇಗರ್ಜಿಯ ಪದವಿ ದೊರೆಯಿತು. 1878ರ ಡಿಸೆಂಬರ್ 31ರಂದು ಇಟಲಿಯ ವೆನಿಸ್ ಪ್ರಾಂತದ ಯೇಸುಸಭೆಯವರು ಮಂಗಳೂರಿಗೆ ಬಂದಿಳಿದರು. 1886ರಲ್ಲಿ ಪೋಪ್ ಹದಿಮೂರನೆಯ ಲಿಯೋ ಭಾರತಕ್ಕೆ ಧರ್ಮಪ್ರಾಂತಗಳ ವ್ಯವಸ್ಥೆಯನ್ನು ಏರ್ಪಡಿಸಿದಾಗ ಮಂಗಳೂರು ಒಂದು ಧರ್ಮಪ್ರಾಂತವಾಯಿತು. ಬೆಳಗಾವಿಗೆ ಈ ಪದವಿ ಬಂದುದು 1953ರಲ್ಲಿ.

ಮೇಲಿನ ತಾರೀಖುಗಳಲ್ಲಿ ವಾಸ್ತುವಿನ ದೃಷ್ಟಿಯಿಂದ ಮುಖ್ಯವಾದುದು 1878. ಈಗ ನಾವು ಕಾಣುವ ಕಟ್ಟಡದ ನಕ್ಷೆಯನ್ನು ಹಾಕಿದವರು ಯೇಸುಸಭೆಯ ಪಾದ್ರಿ ಡಯಮಾಂಟಿಯವರು. ಕೆಲಸ 1910ರಲ್ಲಿ ಆರಂಭವಾಗಿ 1923ರಲ್ಲಿ ಪೂರೈಸಿತು. ಅಂದಮೇಲೆ ರೊಸಾರಿಯೋವಿನ ವಯಸ್ಸನ್ನು ಕೇಳಿದರೆ ಒಂದೇ ಉತ್ತರ ಸಲ್ಲದು. ಸ್ಥಾನ ಹಾಗೂ ಹೆಸರು 1568ರವು. ಪದವಿ 1850ರ ದಶಕದ್ದು. ಕಲ್ಲು ಗಾರೆಗಳು ಇಪ್ಪತ್ತನೆಯ ಶತಮಾನದವು. ನಾಲ್ಕೂವರೆ ಶತಮಾನಗಳ ಕಟ್ಟಡವೆಂದು ವಿದ್ಯಾರ್ಥಿಗಳಿಗೆ ತೋರಿಸಿದರೆ ನಾವು ಅವರಿಗೆ ಎರಡು ಬಗೆಯ ಅನ್ಯಾಯ ಮಾಡಿದಂತೆ: 1784ರಲ್ಲಿ ಕೆಡವಿದುದನ್ನು ಮರೆಸಿದೆವು, ಮತ್ತು 1813ರಲ್ಲಿಯೂ 1910ರ ಬಳಿಕವೂ ದುಡಿದವರ ಶ್ರಮವನ್ನು ಪೋರ್ತುಗೀಜರ ಲೆಕ್ಕಕ್ಕೆ ಬರೆದೆವು.

ಈಗ ಶೈಲಿಯ ವಿಚಾರ. ಪ್ರಾಚೀನ ಗ್ರೀಕ್ ರೋಮನ್ ಕಟ್ಟಡಗಳ ಕಂಬ, ಕಮಾನು, ತ್ರಿಕೋನ ಮುಖ, ಗುಮ್ಮಟಗಳನ್ನು ಮಾದರಿಯಾಗಿಟ್ಟುಕೊಂಡು, ಅಲಂಕಾರವನ್ನು ಹಿಡಿತದಲ್ಲಿರಿಸಿ, ಅಳತೆಯ ಸಮತೂಕಕ್ಕೆ ಪ್ರಾಧಾನ್ಯ ಕೊಡುವ ರೀತಿಗೆ ನವ-ಅಭಿಜಾತ ಶೈಲಿಯೆಂದು ಹೆಸರು. ಯುರೋಪಿನಲ್ಲಿ ಅದರ ಉಚ್ಛ್ರಾಯಕಾಲ ಹದಿನೆಂಟನೆಯ ಶತಮಾನದ ಉತ್ತರಾರ್ಧ ಹಾಗೂ ಹತ್ತೊಂಬತ್ತರ ಆರಂಭ. ಭಾರತದ ಬಂದರುಗಳಿಗೆ ಅದನ್ನು ಆ ಕಾಲದಲ್ಲಿಯೇ ತಂದವರು ಇಂಗ್ಲಿಷರು. ಮದರಾಸಿನ ಸಂತ ಜಾರ್ಜರ ಕ್ಯಾಥೆಡ್ರಲ್ (1816), ಅಲ್ಲಿಯದೇ ಸಂತ ಆಂಡ್ರೂಸರ ಚರ್ಚು (1821), ಒಳನಾಡಿನ ಬೆಂಗಳೂರಿನಲ್ಲಿ 1808ರಲ್ಲಿ ಸ್ಥಾಪಿತವಾದ ಸಂತ ಮಾರ್ಕರ ಚರ್ಚು ಇವು ಆ ಪಂಥದವು. ಮಂಗಳೂರಿನ ಕಟ್ಟಡವು ಇವುಗಳಿಗೆ ನೂರು ವರ್ಷ ತಡವಾಗಿ ಹುಟ್ಟಿದ ತಮ್ಮ. 1910ರ ಹೊತ್ತಿಗೆ ಇಂಗ್ಲಿಷರು ಚರ್ಚುಗಳಿಗೆ ಚೂಪು ಕಮಾನಿನ ಗಾಥಿಕ್ ಶೈಲಿಯನ್ನು ಹಿಡಿದು ಬಹುಕಾಲವಾಗಿತ್ತು. ಬೆಳಗಾವಿಯ ದಂಡಿನ ಪ್ರದೇಶದಲ್ಲಿರುವ ಸಂತ ಮೇರಿಯ ಚರ್ಚನ್ನು ನಮ್ಮ ಓದುಗರಲ್ಲಿ ಬಹುಮಂದಿ ನೋಡಿರುವರಾದುದರಿಂದ ಗಾಥಿಕ್ ಎಂದರೇನೆಂದು ವಿವರಿಸಬೇಕಿಲ್ಲ.

ಹಾಗಾದರೆ ಮಂಗಳೂರಿನವರು ಇಷ್ಟು ತಡವಾಗಿ ದುಂಡುಕಮಾನು ಗುಮ್ಮಟಗಳ ರೀತಿಯನ್ನು ಆರಿಸಿದುದೇಕೆ? ನಮ್ಮ ಊಹೆ ಹೀಗಿದೆ. ಗಾಥಿಕ್ ಎಂಬುದು ಆಗ ಭಾರತದಲ್ಲಿ ಆಳುವವರ ಮತದ, ಅಂದರೆ ಇಂಗ್ಲೆಂಡಿನ ಸಭೆಯ, ಗುರುತಾಗಿಬಿಟ್ಟಿತ್ತು. ದುಂಡು ಕಮಾನೂ ಗುಮ್ಮಟವೂ ರೋಮಿನ ಗುರುತು. ಶತಮಾನಕಾಲ ಗೋವೆಯೋ ರೋಮೋ ಎಂಬ ಜಗ್ಗಾಟದಲ್ಲಿ ಸಿಕ್ಕಿದ್ದ ಒಂದು ಧರ್ಮಪ್ರಾಂತವು ತನ್ನ ಪ್ರಧಾನ ದೇವಾಲಯದ ನೆತ್ತಿಯ ಮೇಲೆ ಗುಮ್ಮಟವನ್ನಿಟ್ಟಾಗ ತಾನಾರ ಕಡೆಯವನೆಂಬುದನ್ನು ಹೇಳಿದಂತಾಯಿತು. ಇದೇ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರದ ಗೋಡೆಗಳನ್ನೂ ಚಾವಣಿಯನ್ನೂ ಬೆರ್ಗಾಮೊ ಸೀಮೆಯ ಅಂತೋನಿಯೊ ಮೊಸ್ಕೇನಿ 1899ರಿಂದೀಚೆಗೆ ಚಿತ್ರಗಳಿಂದ ತುಂಬಿದನು. ಅಲ್ಲಿ ಬಣ್ಣ, ಇಲ್ಲಿ ಆಕಾರ. ಎರಡೂ ಇಟಲಿಯವರ ಕೈ. ನೋಡುವವನ ಕಣ್ಣನ್ನು ಮೊಸ್ಕೇನಿಯ ಮಂದಿರ ಬೇಗ ಗೆಲ್ಲುತ್ತದೆಂಬುದನ್ನು ಒಪ್ಪಬೇಕು. ರೊಸಾರಿಯೋವಿನಲ್ಲಿ ಕಣ್ಣು ಗೋಡೆಯ ಮೇಲೆ ನಿಲ್ಲದೆ ಗುಮ್ಮಟದ ಕಡೆಗೇ ಏರುವುದು.

ಈ ಗುಮ್ಮಟವೇ ನಮ್ಮನ್ನು ರಾಯಬಾಗ ಅಥಣಿಗಳಿಗೆ ಹಿಂದಿರುಗಿಸುತ್ತದೆ. 1639ರಲ್ಲಿ ಗೋವೆಯನ್ನು ಕಂಡ ಜರ್ಮನ್ ಪ್ರವಾಸಿ ಮಾಂಡೆಲ್ಸ್ಲೋವಿನ ಹೆಸರಿನಲ್ಲಿರುವ ಪ್ರವಾಸಗ್ರಂಥದಲ್ಲಿ ಗೋವೆಯಿಂದ ಬಿಜಾಪುರಕ್ಕೆ ಹೋಗುವ ದಾರಿಯ ಊರುಗಳನ್ನು ಕ್ರಮವಾಗಿ ಹೇಳಿದೆ. ಅವುಗಳಲ್ಲಿ ರಾಯಬಾಗವೂ ಅಥಣಿಯೂ ಇವೆ. ಈ ದಾರಿಯ ಎರಡು ತುದಿಗಳಲ್ಲಿ, ಆ ಪ್ರವಾಸಿ ಬಂದುಹೋದ ಕಾಲು ಶತಮಾನದೊಳಗಾಗಿ, ಎರಡು ಗುಮ್ಮಟಗಳು ಮೇಲೆದ್ದುವು. ಒಂದು ಮಹಮ್ಮದ್ ಆದಿಲ್ ಶಾಹನ ಗೋರಿಯಾದ ಗೋಲಗುಮ್ಮಟ. ಅವನು ತೀರಿದ 1656ರಲ್ಲಿ ಅದರ ಕೆಲಸ ನಿಂತಿತು. ಇನ್ನೊಂದು ಹಳೆಯ ಗೋವೆಯಲ್ಲಿ ಸಂತ ಕಯೆತಾನನ ಇಗರ್ಜಿ. 1661ರ ಹೊತ್ತಿಗೆ ಪೂರೈಸಿತೆನ್ನುವರು. ಇದನ್ನು ಕಟ್ಟಿದವರು ಪೋರ್ತುಗೀಜರಲ್ಲ, ಥಿಯಾಟಿನ್ ಸಭೆಯ ಇಟಲಿಯವರು. ಇದಕ್ಕೂ ಸಂತ ಪೇತ್ರರ ಮಹಾದೇವಾಲಯವೇ ಮಾದರಿ. ಅದರ ಅಂಗಳದ ಬಳಿ ಇಂದಿಗೂ ಕರಿಕಲ್ಲಿನ ಒಂದು ಬಾಗಿಲವಾಡ ನಿಂತಿದೆ. ಪೋರ್ತುಗೀಜರಿಗಿಂತ ಮೊದಲಿನ ಆದಿಲ್ ಶಾಹಿ ಅರಮನೆಯ ಉಳಿಕೆ ಅದೆಂದು ಹೇಳುತ್ತಾರೆ. ಬಿಜಾಪುರದ ಬಾಗಿಲೂ ರೋಮಿನ ಗುಮ್ಮಟವೂ ಹೀಗೆ ಮಗ್ಗುಲಾಗಿರುವುದನ್ನು ನೋಡಿದವನಿಗೆ, ಪೂರ್ವ ಪಶ್ಚಿಮಗಳ ವಾಸ್ತುವನ್ನು ಬೇರೆಬೇರೆ ಅಧ್ಯಾಯಗಳಲ್ಲಿ ಕಲಿಸುವ ನಮ್ಮ ಪದ್ಧತಿಯ ಮೇಲೆ ಸಂಶಯ ಹುಟ್ಟದಿರದು.

ಗೋವೆಯಲ್ಲಿ ಪೋರ್ತುಗೀಜರು ತಾವೇ ಕಟ್ಟಿಸಿದ ಇಗರ್ಜಿಗಳಲ್ಲಿ ಎತ್ತರದ ಮುಖಭಿತ್ತಿಗೂ ಗೋಪುರಗಳಿಗೂ ಪ್ರಾಧಾನ್ಯ, ಗುಮ್ಮಟಕ್ಕೆ ಇಲ್ಲ. ಗುಮ್ಮಟ ಕಾಣಿಸಿಕೊಂಡುದು ಇಟಲಿಯವರು ಬಂದಾಗ. ಮಂಗಳೂರಿನಲ್ಲಿಯೂ ಹೀಗೆಯೇ. 1568ರಿಂದ ಮುನ್ನೂರು ವರ್ಷಗಳಲ್ಲಿ ಬಾರದ ಗುಮ್ಮಟ ವೆನಿಸಿನ ಯೇಸುಸಭೆ ಬಂದ ಮೇಲೆ ಬಂದಿತು. ಆದುದರಿಂದ ರೊಸಾರಿಯೋವನ್ನು ಪೋರ್ತುಗೀಜ್ ವಾಸ್ತುವಿನ ಉದಾಹರಣೆಯಾಗಿ ಕೊಡುವುದು ಸಾಧುವಲ್ಲ. ಪೋರ್ತುಗೀಜ್ ಬೇರಿನ ಮೇಲೆ ಇಟಲಿಯ ಕಸಿ ಎನ್ನಬಹುದು. ರೋಮಿನ ಅನುಕರಣವೆಂಬ ಮಾತಿಗೂ ಇಷ್ಟು ತಿದ್ದುಪಡಿ ಬೇಕು: ಆ ಮಾದರಿಗೆ ಈ ಕರಾವಳಿಯಲ್ಲಿಯೇ ಎರಡೂವರೆ ಶತಮಾನಗಳ ಹಿಂದಿನ ಪೂರ್ವನಿದರ್ಶನವೊಂದಿತ್ತು.

ಗುಮ್ಮಟ ನಿಲ್ಲುವ ಬಗೆಯನ್ನು ಸ್ವಲ್ಪ ವಿವರಿಸುವುದು ವಿದ್ಯಾರ್ಥಿಗಳಿಗೆ ಉಪಯುಕ್ತವಾದೀತು. ಗುಮ್ಮಟವೆಂಬುದು ತನ್ನ ಬುಡವನ್ನು ಎಲ್ಲ ಕಡೆಗೂ ಹೊರಕ್ಕೆ ನೂಕುತ್ತಿರುವ ವಸ್ತು. ಜೊತೆಗೆ, ಅದರ ಬುಡ ದುಂಡು, ಕೆಳಗಿನ ಕೋಣೆ ಚೌಕ. ದುಂಡನ್ನು ಚೌಕದ ಮೇಲೆ ಕೂಡಿಸುವುದು ಹೇಗೆ, ಹೊರನೂಕನ್ನು ತಡೆಯುವುದು ಹೇಗೆ ಎಂಬ ಎರಡು ಪ್ರಶ್ನೆಗಳಿಗೆ ಬಿಜಾಪುರ ಕೊಟ್ಟ ಉತ್ತರ ಒಂದು, ರೋಮ್ ಕೊಟ್ಟುದು ಇನ್ನೊಂದು. ರೋಮಿನ ರೀತಿಯಲ್ಲಿ ನಾಲ್ಕು ದಪ್ಪ ಕಂಬಗಳ ನಡುವೆ ನಾಲ್ಕು ಕಮಾನುಗಳನ್ನು ಬಗ್ಗಿಸಿ, ಅವುಗಳ ಸಂದಿಗಳಲ್ಲಿ ಬಾಗಿದ ಮುಕ್ಕೋಣಗಳನ್ನು ತುಂಬಿ, ಮೇಲೆ ಒಂದು ಬಳೆಯನ್ನು ಪಡೆಯುವರು. ಬಳೆಯ ಮೇಲೆ ಕಿಟಕಿಗಳುಳ್ಳ ಡೋಲಿನಾಕಾರದ ಗೋಡೆ. ಅದರ ಮೇಲೆ ಗುಮ್ಮಟ. ಎತ್ತರವೂ ಬೆಳಕೂ ಇದರಿಂದ ದೊರೆಯುತ್ತವೆ. ಆದರೆ ಹೊರನೂಕು ಹಾಗೆಯೇ ಉಳಿಯುತ್ತದೆ. 1590ರಲ್ಲಿ ಮುಗಿದ ಸಂತ ಪೇತ್ರರ ಗುಮ್ಮಟ (ಒಳವ್ಯಾಸ ಸುಮಾರು 136 ಅಡಿ) ಬಿರುಕು ಬಿಟ್ಟು, 1740ರ ದಶಕದಲ್ಲಿ ಅದಕ್ಕೆ ಕಬ್ಬಿಣದ ಪಟ್ಟಿಗಳನ್ನು ಬಿಗಿಯಬೇಕಾಯಿತು. ಬಿಜಾಪುರದವರು ಡೋಲನ್ನು ಬಿಟ್ಟರು. ಎಂಟು ಕಮಾನುಗಳು ಒಂದನ್ನೊಂದು ಅಡ್ಡಹಾಯುವಂತೆ ಹೆಣೆದು, ಅವು ಒಳಮುಖವಾಗಿ ಚಾಚಿಕೊಂಡ ಜಗಲಿಯ ಮೇಲೆ ಸುಮಾರು 124 ಅಡಿ ಒಳವ್ಯಾಸದ, ಬುಡದಲ್ಲಿ ಹತ್ತು ಅಡಿ ದಪ್ಪದ ಗುಮ್ಮಟವನ್ನು, ಅಂಚಿನಿಂದ ಹಿಂದಕ್ಕೆ ಸರಿಸಿ, ಕೂಡಿಸಿದರು. ಒಳಕ್ಕೆ ತೂಗುವ ಜಗಲಿಯ ಭಾರವು ಹೊರಕ್ಕೆ ನೂಕುವ ಗುಮ್ಮಟದ ಒತ್ತಡಕ್ಕೆ ಎದುರಾಗಿ ನಿಂತಿತು. ಪಿಸುಮಾತಿನ ಜಗಲಿಯೆಂದು ನಮ್ಮ ವಿದ್ಯಾರ್ಥಿಗಳು ಕೂಗಿ ನಲಿಯುವ ಸ್ಥಳ ಇದೇ. ಕೂಗುವ ಮುನ್ನ ಅದು ಅಲ್ಲಿರುವುದೇಕೆಂದು ಒಮ್ಮೆ ಕೇಳಿಕೊಂಡರೆ ಒಳ್ಳೆಯದು.

ಮಂಗಳೂರಿನ ಗುಮ್ಮಟವು ಅಳತೆಯಲ್ಲಿ ಇವೆರಡರ ಸಮೀಪಕ್ಕೂ ಬಾರದು. ಅದರ ಕಷ್ಟ ಬೇರೆ ಬಗೆಯದು: ಮಳೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅಥಣಿ ರಾಯಬಾಗಗಳಲ್ಲಿ ಅದರ ಐದಾರರಲ್ಲಿ ಒಂದು ಪಾಲು. ಕರಾವಳಿಯ ಕಲ್ಲು ಮುರಕಲ್ಲು. ಇದಕ್ಕೆ ಲ್ಯಾಟರೈಟ್ ಎಂಬ ಹೆಸರನ್ನು ಜಗತ್ತಿಗೆ ಕೊಟ್ಟವನು 1801ರಲ್ಲಿ ಈ ಸೀಮೆಯಲ್ಲೆಲ್ಲ ಸುತ್ತಾಡಿದ ಫ್ರಾನ್ಸಿಸ್ ಬುಕನನ್. ನೆಲದಡಿಯಲ್ಲಿ ಮೆತ್ತಗಿದ್ದು ಕೊಡಲಿಯಿಂದ ಕಡಿಯಲು ಬರುವ ಈ ಕಲ್ಲು ಗಾಳಿಗೆ ಗಟ್ಟಿಯಾಗುತ್ತದೆ. ಆದರೆ ಮೈತುಂಬ ರಂಧ್ರ. ಗಾರೆಯ ಹೊದಿಕೆ ತಪ್ಪಿದರೆ ನೀರು ಕುಡಿಯುತ್ತದೆ. ಇಂತಹ ನಾಡಿನಲ್ಲಿ ಸ್ಥಳೀಯ ಬುದ್ಧಿ ಕಂಡುಕೊಂಡ ಉಪಾಯ ಇಳಿಜಾರು ಮಾಡು. 1430ರ ಮೂಡಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಅದನ್ನು ನೋಡಬಹುದು. 1865ರಲ್ಲಿ ಬಾಸೆಲ್ ಮಿಶನ್ನಿನವರು ನೇತ್ರಾವತಿಯ ದಡದಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಮಂಗಳೂರು ಹಂಚು ದೇಶದಾದ್ಯಂತ ಇದೇ ಬುದ್ಧಿಯನ್ನು ಹರಡಿತು. ಚಿಕ್ಕೋಡಿ ಬೆಳಗಾವಿಗಳ ಹಳೆಯ ಮನೆಗಳ ಮೇಲೂ ಅದು ಕುಳಿತಿದೆ. ಹಂಚಿನ ತವರಿನಲ್ಲಿಯೇ, ಹಂಚು ಹೊದಿಸಲಾಗದ ಗುಮ್ಮಟವೊಂದನ್ನು ಕಟ್ಟಲು ಹೊರಟುದರಲ್ಲಿ ಸ್ವಲ್ಪ ಹಟವಿದೆಯೆಂದರೆ ತಪ್ಪಾಗಲಾರದು. ವರ್ಷ ವರ್ಷ ಮಳೆಗಾಲಕ್ಕೆ ಮುಂಚೆ ಅದರ ಮೈಯನ್ನು ನೋಡಿಕೊಳ್ಳುವ ಹೊಣೆಯನ್ನೂ ಆ ಹಟ ಮುಂದಿನ ತಲೆಮಾರುಗಳ ಮೇಲೆ ಹೊರಿಸಿತು.

ಉದ್ದನೆಯ ಮಂಟಪದ ಕೊನೆಗೆ ಗುಮ್ಮಟವನ್ನಿಡುವ ಕಟ್ಟಡಗಳಿಗೆಲ್ಲ ಒಂದು ಕುಂದು ಅನಿವಾರ್ಯ. ದೂರದಿಂದ ಗುಮ್ಮಟವೇ ಮೊದಲು ಕಾಣುವುದು. ಬಾಗಿಲಿಗೆ ಹತ್ತಿರವಾದಷ್ಟೂ ಮುಖಭಿತ್ತಿಯ ಹಿಂದೆ ಅದು ಮರೆಯಾಗುವುದು. ಹದಿನೇಳನೆಯ ಶತಮಾನದ ಆರಂಭದಲ್ಲಿ ಮದೆರ್ನೊ ಎಂಬವನು ಸಂತ ಪೇತ್ರರ ದೇವಾಲಯದ ಮಂಟಪವನ್ನು ಮುಂದಕ್ಕೆ ಬೆಳೆಸಿದಾಗ ಮೈಕೆಲ್ಯಾಂಜೆಲೊನ ಗುಮ್ಮಟಕ್ಕೆ ಒದಗಿದ ಗತಿಯೂ ಇದೇ. ಗೋಲಗುಮ್ಮಟಕ್ಕೆ ಈ ತೊಡಕಿಲ್ಲ, ಏಕೆಂದರೆ ಅದರ ಗೋರಿಕೋಣೆಯೇ ಕಟ್ಟಡವೆಲ್ಲವೂ. ಆದರೆ ಮಂಗಳೂರಿನಲ್ಲಿ ಗುಮ್ಮಟವನ್ನು ನೋಡಬೇಕಾದವರು ಬಾಗಿಲಿಗೆ ಬಂದವರು ಮಾತ್ರವಲ್ಲ. ಅದರ ನೆತ್ತಿಯ ಮೇಲಿನ ಶಿಲುಬೆಗೆ ರಾತ್ರಿ ದೀಪ ಬೆಳಗುತ್ತಿತ್ತು. ಅರಬ್ಬೀ ಸಮುದ್ರದಿಂದ ಬರುವ ಹಡಗಿನವರಿಗೆ ಅದು ದಡದ ಗುರುತಾಗಿತ್ತೆಂದು ಅಲ್ಲಿಯವರು ಹೇಳುತ್ತಾರೆ. ನೇತ್ರಾವತಿ ಗುರುಪುರ ನದಿಗಳ ಮುಖದಲ್ಲಿದ್ದ ಹಳೆಯ ಬಂದರಿನಲ್ಲಿ ಹೂಳು ತುಂಬಿ ದೊಡ್ಡ ಹಡಗುಗಳು ದೂರದಲ್ಲಿಯೇ ಲಂಗರು ಹಾಕಬೇಕಾಗಿದ್ದ ಕಾಲದಲ್ಲಿ ಅಂತಹ ಗುರುತಿಗೆ ಬೆಲೆಯಿತ್ತು.

ಪಣಂಬೂರಿನಲ್ಲಿ ಹೊಸ ಬಂದರು ಸಿದ್ಧವಾಗಿ 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿದ ಮೇಲೆ ದೊಡ್ಡ ಹಡಗುಗಳು ಆ ಕಡೆಗೆ ತಿರುಗಿದುವು. ಹಳೆಯ ಬಂದರು ಈಗ ಮೀನುದೋಣಿಗಳದು, ಲಕ್ಷದ್ವೀಪಕ್ಕೆ ಸರಕೊಯ್ಯುವ ಮಂಜಿಗಳದು. ರೊಸಾರಿಯೋವಿನಲ್ಲಿ 1568ರ ಕಾಲದ್ದೆಂದು ಕಾಪಾಡಿಕೊಂಡು ಬಂದಿರುವ ವಸ್ತುವೊಂದುಂಟು: ಪೋರ್ತುಗಲ್ಲಿನ ದೊರೆಯ ರಾಜಚಿಹ್ನೆಯನ್ನು ಕೆತ್ತಿದ ಕಲ್ಲು. ಮಂಗಳೂರಿಗೆ ಹೋಗುವ ವಿದ್ಯಾರ್ಥಿಗಳು ಗುಮ್ಮಟವನ್ನು ನೋಡಿದ ಬಳಿಕ ಆ ಕಲ್ಲನ್ನೂ ಕೇಳಿ ನೋಡಬೇಕು. ಕೋಟೆಯ ವೈಸರಾಯನೂ, ಸೆಬಾಸ್ಟಿಯನ್ ದೊರೆಯೂ, ಅವರ ಕೋಠಿಯ ಮಂದಿರವೂ ಅಲ್ಲಿ ಉಳಿದಿರುವುದು ಅಷ್ಟರಲ್ಲಿ ಮಾತ್ರ.